ಅಳತೆ ಮುಗಿಯೋವರೆಗೆ

ಅಯ್ಯೋ, ಮಾತಾಡಬೇಡಿ ಅಂದ್ನಲ್ಲ ಸಿಸ್ಟರ್! ಬಾಯಿ ತೆಗೆದ್ರೆ ಉಸಿರು ಒಳಗೆ ಹೋಗುತ್ತೆ, ಉಸಿರು ಹೋದ್ರೆ ಎದೆ ಅಳತೆ ಒಂದಿಂಚು ಜಾಸ್ತಿ ಬರುತ್ತೆ. ಆಮೇಲೆ ಕೋಟು ಜೋತಾಡಿದ್ರೆ ನಿಮ್ಮ ಆರೋಗ್ಯ ಕೇಂದ್ರದವರೆಲ್ಲ ಟೈಲರ್‌ಗೆ ಬೈತಾರೆ, ನರ್ಸಮ್ಮಂಗಲ್ಲ. ಕೈ ಎರಡೂ ಅಗಲಿಸಿ... ಹಾಂ, ಹಾಗೆ. ಆ ಬ್ಯಾಗು ಕೆಳಗಿಡಿ, ಮಷೀನ್ ಪಕ್ಕದ ಸ್ಟೂಲ್ ಮೇಲೆ. ಇಡಿ ಅಂದ್ರೆ... ಯಾಕೆ ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೀರಿ? ನಾನೇನು ಕದ್ದುಬಿಡ್ತೀನಾ?

ಹೋದ ವಾರ ತಗೊಂಡ ಅಳತೆ ಏನಾಯ್ತು ಅಂತ ತಾನೆ ಆ ಮುಖ? ಬುಕ್ಕಲ್ಲೇ ಇದೆ. ಇದ್ರೂ ಇನ್ನೊಂದ್ಸಲ ತಗೋತೀನಿ, ನನ್ನ ಇಷ್ಟ. ಕೋಟು ಶುಕ್ರವಾರ ಅಂದಿದ್ದೆ, ನೀವು ಇವತ್ತೇ ಬಂದು ನಿಂತಿದ್ದೀರಿ. ನಾನು ಯಾಕೆ ಅಂತ ಕೇಳಿದ್ನಾ? ಇಲ್ವಲ್ಲ. ನೀವೂ ಕೇಳ್ಬೇಡಿ.

ಅಂದ ಹಾಗೆ ಒಂದು ವಿಷಯ ಸಿಸ್ಟರ್. ನನಗಲ್ಲಪ್ಪ! ನನ್ನ ಒಬ್ಬ ಗಿರಾಕಿ ಇದ್ದಾಳೆ, ಅವಳ ಮಗಳಿಗೆ ಹದಿನಾಲ್ಕು. ಅವಳಿಗೆ ಆ ಲಸಿಕೆ ಹಾಕಿಸ್ಬೇಕಂತೆ... ಎಚ್‌ಪಿವಿ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬರದಿರಲಿ ಅಂತ ಹುಡುಗೀರಿಗೆ ಹಾಕ್ತಾರಲ್ಲ, ಅದು. ಎಲ್ಲಿ ಹಾಕ್ತಾರೆ... ತಡೀರಿ, ಈಗ್ಲೇ ಹೇಳ್ಬೇಡಿ! ಭುಜ ಆಗ್ಲಿ. ತಲೆಯೂ ಆಡಿಸ್ಬೇಡಿ.

ಪಾಪ, ಎಲ್ಲೆಲ್ಲಿ ಅಲೆದ್ಲು ಗೊತ್ತಾ? ಮೊದಲು ಔಷಧಿ ಅಂಗಡಿ. ಅವನು "ಯಾವ ಲಸಿಕೆ? ಜೋರಾಗಿ ಹೇಳಿ" ಅಂದ. ಹಿಂದೆ ಏಳು ಜನ! ಏನ್ಮಾಡೋದು, ಜೋರಾಗೇ ಹೇಳಿದ್ಲು. "ಫ್ರಿಜ್ಜಲ್ಲಿ ಇಡೋ ಮಾಲು, ನಾವು ತರಿಸಲ್ಲ" ಅಂದ. ಅದನ್ನ ಮಾತ್ರ ಮೆಲ್ಲಗೆ ಹೇಳಿದ ಪುಣ್ಯಾತ್ಮ. ಆಮೇಲೆ ದೊಡ್ಡಾಸ್ಪತ್ರೆ. ಮಕ್ಕಳ ವಿಭಾಗದಲ್ಲಿ "ಮಗು ಎಲ್ಲಿ?" ಅಂದ್ರಂತೆ, ಪಕ್ಕದಲ್ಲಿ ಅಮ್ಮನಿಗಿಂತ ಎತ್ತರದ ಹುಡುಗಿ ನಿಂತಿದ್ದಾಳೆ! ಹೆಂಗಸರ ವಿಭಾಗಕ್ಕೆ ಹೋಗಿ ಅಂತ ಅಟ್ಟಿದ್ರು. ಅಲ್ಲಿ ಚೀಟಿ ಬರೆಯೋಳು ಮುಖ ಎತ್ತದೇನೇ "ಮದುವೆ ಆಗಿದ್ಯಾ?" ಅಂದ್ಲು. ನಮ್ಮ ಕಡ್ಡಿ ಮುಖ ನೋಡ್ಬೇಕಿತ್ತು ನೀವು, ಕಿವಿಯೆಲ್ಲ ಕೆಂಪಗಾಗಿ...

ಯಾಕೆ ನಗ್ತೀರಿ?

...ಹೂಂ. ನಮ್ಮ ಕಡ್ಡಿ ಅಂದ್ಬಿಟ್ಟೆ. ಸರಿ ಬಿಡಿ, ಗಿರಾಕಿಯೂ ಇಲ್ಲ, ಗಿರಾಕಿ ಮಗಳೂ ಇಲ್ಲ. ನಾನೇ. ನನ್ನ ಮಗಳೇ, ಸಣ್ಣಗಿದ್ದಾಳೆ ಅಂತ ಕಡ್ಡಿ ಅಂತೀನಿ. ಕೈ ಇಳಿಸ್ಬೇಡಿ!

ಸ್ಕೂಲಲ್ಲೇ ಹಾಕಿದ್ರಲ್ಲ ಅಂತ ನಿಮ್ಮ ಹುಬ್ಬೇ ಕೇಳ್ತಿದೆ. ಹಾಕಿದ್ರು. ಎಲ್ಲರಿಗೂ ಹಾಕಿದ್ರು. ಮನೆಗೊಂದು ಒಪ್ಪಿಗೆ ಚೀಟಿ ಬಂದಿತ್ತು, ಕೆಳಗೆ "ಹೌದು", "ಬೇಡ" ಅಂತ ಎರಡು ಚೌಕ. ಎದುರಿನ ಇಸ್ತ್ರಿ ಅಂಗಡಿಯವಳು ಬಂದು, ಅದು ಹಾಕಿಸ್ಕೊಂಡ್ರೆ ಮುಂದೆ ಮಕ್ಕಳಾಗಲ್ಲ ಕಣೇ ಅಂದ್ಲು. ಅವಳಿಗೆ ಯಾರು ಹೇಳಿದ್ರೋ! ನಾನು ಕತ್ತರಿಸ್ತಾ ನಿಂತಿದ್ದೆ, ಕೈಯಲ್ಲಿ ಇದೇ ನೀಲಿ ಸೀಮೆಸುಣ್ಣ ಇತ್ತು. ಅದರಲ್ಲೇ "ಬೇಡ" ಚೌಕದೊಳಗೆ ಗೀಟೆಳೆದೆ. ಪೆನ್ನು ಹುಡುಕೋಷ್ಟು ಕೂಡ ಯೋಚನೆ ಮಾಡ್ಲಿಲ್ಲ ಸಿಸ್ಟರ್.

ಅವತ್ತು ಕ್ಲಾಸಲ್ಲಿ ಇವಳೊಬ್ಬಳೇ ಕೂತಿದ್ದಳಂತೆ. ಮನೆಗೆ ಬಂದು "ಅಮ್ಮಾ, ನಂಗೆ ಮಾತ್ರ ಯಾಕೆ ಬೇಡ?" ಅಂದ್ಲು. ಸೂಜಿ ತಪ್ಪಿತಲ್ಲ, ಖುಷಿಪಡು ಅಂದೆ.

ಬೇಡ ಅಂದವಳು ಈಗ ಯಾಕೆ ಬೀದಿ ಬೀದಿ ಸುತ್ತುತ್ತಿದ್ದಾಳೆ ಅಂತಾನಾ? ಬುದ್ಧಿ ಬಂತು, ಅಷ್ಟೇ. ಪೇಪರಲ್ಲಿ ಓದಿದೆ... ಹಾಗೆ ನೋಡ್ಬೇಡಿ ಸಿಸ್ಟರ್. ತೋಳು ಮಡಚಿ. ಇಪ್ಪತ್ತೆರಡು... ಅಲ್ಲ, ಇಪ್ಪತ್ತೊಂದು... ಥೂ, ಟೇಪು ಬಿತ್ತು. ನೀವು ಬಗ್ಗಬೇಡಿ, ನಾನೇ ತಗೋತೀನಿ. ಬೆಳಗಿಂದ ಏನೂ ತಿಂದಿಲ್ಲ, ಅದಕ್ಕೇ.

ಯಾಕೆ ಫೋನಿನ ಕಡೆ ನೋಡ್ತೀರಿ? ನಿಮ್ಮ ಕೇಂದ್ರದಿಂದ ನಾಲ್ಕು ಸಲ ಬಂತು, ಗೊತ್ತು. ಮಷೀನ್ ಸದ್ದಲ್ಲಿ ಕೇಳಿಸ್ಲಿಲ್ಲ.

...ಕೇಳಿಸ್ತು. ಮಷೀನ್ ನಿಲ್ಲಿಸಿ, ಅದು ಹೊಡ್ಕೊಂಡು ಹೊಡ್ಕೊಂಡು ಸುಮ್ನಾಗೋವರೆಗೂ ನೋಡ್ತಾ ಕೂತಿದ್ದೆ. ಸಾಕಾ?

ಅವತ್ತು ನಿಮ್ಮ ಕೇಂದ್ರದಲ್ಲಿ ಗರ್ಭಕೋಶದ ತಪಾಸಣೆ ದಿನ ಪರದೆ ಹಿಂದೆ ನನ್ನ ಕೈ ಹಿಡ್ಕೊಂಡವರು ನೀವೇ ತಾನೆ? ಎಷ್ಟು ದಿನದಿಂದ ರಕ್ತ ಹೋಗ್ತಿದೆ ಅಂದ್ರಿ. ಹದಿನೈದು ದಿನ ಅಂದೆ. ಸುಳ್ಳು ಸಿಸ್ಟರ್. ಐದು ತಿಂಗಳು. ಕಪ್ಪು ಬಟ್ಟೆ ಹಾಸ್ಕೊಂಡು ಈ ಸ್ಟೂಲ್ ಮೇಲೇ ಕೂತು ಹೊಲಿದಿದ್ದೀನಿ. ಆ ತಪಾಸಣೆ ಆದ್ಮೇಲೆ ಲಸಿಕೆಗೆ ಅಂತ ನಾನು ಊರೆಲ್ಲಾ ಸುತ್ತಿದೆ, ನಿಮ್ಮ ಕೇಂದ್ರಕ್ಕೆ ಮಾತ್ರ ಮತ್ತೆ ಕಾಲಿಡ್ಲಿಲ್ಲ. ಬಂದ್ರೆ ನನ್ನ ರಿಪೋರ್ಟು ಕೈಗಿಡ್ತೀರಲ್ಲ... ಅದಕ್ಕೇ. ಹೆದರಿಕೆ. ನಾನು ಕಡ್ಡಿ ವಯಸ್ಸಲ್ಲಿದ್ದಾಗ ಇಂಥದ್ದೊಂದು ಲಸಿಕೆ ಇದೆ ಅಂತ ನನಗೆ ಯಾರೂ ಹೇಳಿರ್ಲಿಲ್ಲ, ಚೀಟಿ ಕೊಟ್ಟಿರ್ಲಿಲ್ಲ. ಅವಳಿಗೆ ಮನೆ ಬಾಗಿಲಿಗೇ ಬಂದಿತ್ತು. ನಾನು ಗೀಟೆಳೆದೆ. ನನಗೇ ಏನೋ ಆಗಿ, ನಾಳೆ ಅವಳಿಗೂ... ಇಲ್ಲ, ಅದನ್ನ ಬಾಯಲ್ಲಿ ಹೇಳಲ್ಲ.

ಮುಗೀತು. ಎದೆ ಆಯ್ತು, ಭುಜ ಆಯ್ತು, ತೋಳಂತೂ ಮೂರು ಸಲ ಆಯ್ತು. ಇನ್ನು ಅಳೆಯೋಕೆ ಏನೂ ಉಳಿದಿಲ್ಲ. ಕೈ ಇಳಿಸಿ. ಈಗ ಮಾತಾಡಿ.

ಮಾತಾಡಿ ಅಂದ್ನಲ್ಲ ಸಿಸ್ಟರ್.

ಇಷ್ಟು ಹೊತ್ತು ಬಾಯಿ ಮುಚ್ಚಿಸಿದೆ ಅಂತ ಕೋಪಾನಾ? ಬೈಯಿರಿ, ಬೈಸ್ಕೋತೀನಿ. ಏನಾದ್ರೂ ಹೇಳಿ... ಒಳ್ಳೇದಾಗಿದ್ರೆ ಬಾಗಿಲಲ್ಲೇ ಕೂಗಿ ಹೇಳಿರ್ತಿದ್ರಿ, ಅಲ್ವಾ?

ಬೇಡ, ಬ್ಯಾಗಿಗೆ ಕೈ ಹಾಕ್ಬೇಡಿ! ಆ ಲಕೋಟೆ ನೀವು ಒಳಗೆ ಬಂದಾಗ್ಲೇ ಕಂಡಿತ್ತು. ಮೊದಲು ಮಗಳ ಲಸಿಕೆ ವಿಷಯ. ತಗೊಳ್ಳಿ ಸೀಮೆಸುಣ್ಣ, ಈ ಕಟಿಂಗ್ ಕಾಗದದ ಮೇಲೆ ಬರೀರಿ. ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ. ಯಾರನ್ನೂ ಕೇಳದೆ ನೆಟ್ಟಗೆ ಹೋಗಿ ನಿಲ್ಲೋ ಹಾಗೆ ಬರೀರಿ. ನಾನು ಗೋಡೆ ಕಡೆ ತಿರುಗ್ತೀನಿ.

ಆಯ್ತಾ? ಎಲ್ಲಿ ಕೊಡಿ... "ನಮ್ಮ ಆರೋಗ್ಯ ಕೇಂದ್ರ. ಬುಧವಾರ, ಹತ್ತು ಗಂಟೆ, ಲಸಿಕೆ ಕೋಣೆ." ನಿಮ್ಮಲ್ಲೇನಾ? ಎರಡು ಬೀದಿ ಆಚೆ! ಚಪ್ಪಲಿ ಸವೆಸ್ಕೊಂಡು ಊರೆಲ್ಲಾ ಅಲೆದೆನಲ್ಲ ನಾನು... ಹದಿನಾಲ್ಕು ಆಗಿದೆ, ಪರವಾಗಿಲ್ವಾ? ಇನ್ನೂ ತಡ ಆಗಿಲ್ವಾ? ತಲೆ ಆಡಿಸಿದ್ರಿ. ಪರವಾಗಿಲ್ಲ ಅಂತ ತಾನೆ? ಅಬ್ಬಾ... ಅಬ್ಬಾ ಸಿಸ್ಟರ್.

...ಕೆಳಗೆ ಇನ್ನೊಂದು ಸಾಲಿದೆಯಲ್ಲ. "ದೊಡ್ಡಾಸ್ಪತ್ರೆ. ನಾಳೆ, ಎಂಟು ಗಂಟೆ. ನಾನೂ ಜೊತೆಗೆ ಬರ್ತೀನಿ."

ಸಿಸ್ಟರ್... ಇದು ಕಡ್ಡಿಗಲ್ಲ, ಅಲ್ವಾ?