ಮೇಲೆ ತೇಲಿದ್ದು, ತಳದಲ್ಲಿ ಕೂತಿದ್ದು

ಖೌರಿಬ್ಗಾದ ಟ್ಯಾಕ್ಸಿ ನಿಲ್ದಾಣದಲ್ಲಿ ಪುದೀನ ಮಾರುವ ರಖಿಯಾಳ ಪಕ್ಕದಲ್ಲೇ ಇಬ್ಬರು ಹೆಂಗಸರು ನಿಂತಿದ್ದರು. ಫಾಸ್ಫೇಟ್ ಗಣಿಯ ಪ್ರಯೋಗಾಲಯದವರೆಂದು ತೋಳಿನ ಮೇಲಿದ್ದ ಬಿಳಿ ಕೋಟುಗಳೇ ಹೇಳುತ್ತಿದ್ದವು. ಚಿಕ್ಕವಳು ತೂರಿಯಾ ಮೊದಲು ಬಾಯಿ ತೆರೆದಳು.

"ಗಿಜ್ಲಾನಕ್ಕ, ನಮ್ಮ ಲ್ಯಾಬಿನ ಹೊಸ ಡಾಕ್ಟರ್ ಸಾಹೇಬ್ರು ಅದಿರು ಬೇರ್ಪಡಿಸೋ ತೊಟ್ಟೀಲಿ ಎದ್ದ ನೊರೆನೆಲ್ಲ ಜೋಪಾನವಾಗಿ ಎತ್ತಿಟ್ಕೊಂಡ್ರಂತೆ?"

"ಹಾಲಿನ ಕೆನೆ ತೆಗೆದ ಹಾಗೆ. ತಳದಲ್ಲಿ ಕೂತಿದ್ದನ್ನ ಮೋರಿಗೆ ಬಿಡಿಸಿದ್ರು."

"ನಮ್ಮ ಫಾಸ್ಫೇಟಲ್ಲಿ ಕಸ ತೇಲುತ್ತೆ, ಮಾಲು ತಳದಲ್ಲಿ ಕೂರುತ್ತೆ ಅಂತ ಯಾರೂ ಹೇಳ್ಲಿಲ್ವಾ?"

"ನಾನೇ ಹೇಳಿದೆ ಕಣೇ. 'ತಾಮ್ರದ ಗಣೀಲಿ ಜೀವಮಾನವೆಲ್ಲ ನೊರೆಯಿಂದಲೇ ತಾಮ್ರ ತೆಗೆದವನು ನಾನು, ನೀನು ಹೋಗಿ ಚಾ ಕಳಿಸು ತಾಯಿ' ಅಂದ್ರು."

"ಚಾ ಕಳಿಸಿದ್ಯಾ?"

"ಸಕ್ಕರೆ ಜಾಸ್ತಿ ಹಾಕಿ."

"ಚಳಿಗಾಲವೆಲ್ಲ ನಾವು ಮಾಡಿದ ಕೆಲಸ?"

"ಮೋರೀಲಿ. ಸಂಶೋಧನೆ ನಿಲ್ಲಿಸಿದಾರೆ. ಎಡವಟ್ಟಾಗಿದ್ದು ನನ್ನಿಂದ ಅಂತ ನೆಲಮಾಳಿಗೆಯ ಗೋದಾಮಿಗೆ ದಬ್ಬಿದಾರೆ."

"ಸಾಹೇಬ್ರನ್ನ?"

"ಕಾಸಾಬ್ಲಾಂಕಾದ ದೊಡ್ಡ ಆಫೀಸಿಗೆ. ಎಲ್ಲಕ್ಕಿಂತ ಮೇಲಿನ ಮಹಡಿ. ಬಡ್ತಿ."

ಅಷ್ಟರಲ್ಲಿ, ಆರು ಜನ ತುಂಬದೆ ಹೊರಡದ ಟ್ಯಾಕ್ಸಿಗೆ ಆರನೆಯ ಪ್ರಯಾಣಿಕ ಸಿಕ್ಕಿದ. ತೂರಿಯಾ ಅಕ್ಕನನ್ನು ಒಳಗೆ ಹತ್ತಿಸಿ, ತಾನೂ ಒತ್ತರಿಸಿ ಕೂತು, ಬಾಗಿಲೆಳೆದುಕೊಂಡಳು.

"ಮತ್ತೆ ನೀನ್ಯಾಕೆ ಮುಖ ಊದಿಸ್ಕೊಂಡಿದೀಯ? ತೊಟ್ಟಿ ಸರಿಯಾಗೇ ಕೆಲಸ ಮಾಡಿದೆಯಲ್ಲ."