ಕೆಂಡದ ಮೇಲೂ ಚಳಿ

ನಕ್ಕರೆ ಹೇಳುವುದಿಲ್ಲ. ಇದು ನಮ್ಮ ದೊಡ್ಡಮ್ಮನ ಮಗಳು ಬುವಾಸಿಗೇ ಆದದ್ದು. ಮೆಕಾಂಗ್ ಹೊಳೆ ದಂಡೆಯ ನಮ್ಮೂರಿನ ಹೆರಿಗೆಗಳನ್ನೆಲ್ಲ ಮಾಡಿಸುವ ನರ್ಸು ಅವಳು.

ಅವತ್ತು ರಾತ್ರಿ ಮೇಲಿನ ಕೇರಿಯಲ್ಲಿ ಒಂದು ಹೆರಿಗೆ ಮುಗಿಸಿ ಒಬ್ಬಳೇ ಬರುತ್ತಿದ್ದಳು. ವಿಹಾರದ ಹಿಂದಿನ ಆಲದ ಮರ... ಅದರ ಬುಡದಲ್ಲಿ ಯಾರದೋ ಉಸಿರು. ಹಹ್... ಹಹ್... ಹಹ್... ಓಡಿ ಬಂದವರ ಉಸಿರಿನ ಹಾಗೆ.

ಟಾರ್ಚು ಹಾಕಿದಳು. ಪೇಂಗ್! ಮೊನ್ನೆ ತಾನೇ ಹೆತ್ತವಳು.

"ಇಲ್ಲೇನೇ ಮಾಡ್ತಿದ್ದೀಯ? ಹಸಿ ಬಾಣಂತಿ!"

"ಚಳಿ ಅಕ್ಕಾ..." ಪಿಸುಗುಟ್ಟಿದಳು. "ಕೆಂಡದ ಮೇಲೂ ಚಳಿ..."

ನಮ್ಮಲ್ಲಿ ಬಾಣಂತಿಯನ್ನು ಬಿದಿರು ಮಂಚದಲ್ಲಿ ಮಲಗಿಸಿ ಕೆಳಗೆ ಕೆಂಡ ಇಡುತ್ತಾರೆ. ಅವತ್ತು ಸಂಜೆ ಬುವಾಸಿ ನೋಡಲು ಹೋದಾಗ ಪೇಂಗಳ ಹಣೆ ಸುಡುತ್ತಿತ್ತು. "ಕೆಂಡದ ಮೇಲೆ ಮಲಗಿದೋಳ ಮೈ ಹೊಳೆಮೀನಿನ ಥರ ತಣ್ಣಗಿರುತ್ತೇನೇ ನರ್ಸಮ್ಮ?" ಎಂದು ಅವಳ ತಾಯಿ ಛೇಡಿಸಿದ್ದಳು. ಬುವಾಸಿಯೂ ನಕ್ಕು ಎದ್ದು ಬಂದಿದ್ದಳು.

ಈಗ ಕೈ ಹಿಡಿದಳು. ತಣ್ಣಗೆ, ಅಂಟಂಟು ಬೆವರು. ಉಗುರು ಒತ್ತಿ ಬಿಟ್ಟಳು. ಬೆಳ್ಳಗಾಯಿತು... ಕೆಂಪು ಮರಳಲೇ ಇಲ್ಲ. ಮೊಣಕಾಲ ಮೇಲೆ ಬಲೆ ಬಲೆಯಾಗಿ ನೀಲಿ.

"ಅಯ್ಯೋ, ನಂಜು ರಕ್ತಕ್ಕೇ ಏರಿದೆ. ಏಳೇ, ಏಳು..."

ಕೈಯಲ್ಲಿ ಕೈ ಇರಲಿಲ್ಲ. ಮರದ ಬುಡದಲ್ಲಿ ಯಾರೂ ಇರಲಿಲ್ಲ.

ಬಿದ್ದಂಬೀಳ ಓಡಿದಳು. ಮನೆಯಲ್ಲಿ ಪೇಂಗ್ ಮಂಚದಲ್ಲೇ ಇದ್ದಳು. ಕೆಳಗೆ ಕೆಂಡ ಚಿಟ್... ಚಿಟ್... ಅದೇ ಉಸಿರು. ಅದೇ ತಣ್ಣನೆಯ ಕೈ. ಉಗುರು ಒತ್ತಿದರೆ ಅದೇ ಬಿಳುಪು.

"ದೋಣಿ ತೆಗೀರಿ! ಆಸ್ಪತ್ರೆಗೆ!"

ಪೇಂಗಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಎಂಜಿನ್ನು ಟಟಟಟ ಎನ್ನುತ್ತಿತ್ತು, ಅದರ ಜೊತೆಗೆ ಹಹ್... ಹಹ್... ನಡುಹೊಳೆಯಲ್ಲಿ ಬರೀ ಎಂಜಿನ್ನಿನ ಸದ್ದು ಉಳಿಯಿತು. ಆದರೂ ದಡ ಮುಟ್ಟುವವರೆಗೆ ಆ ಉಗುರನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡುತ್ತಲೇ ಇದ್ದಳಂತೆ.

ಮಣ್ಣು ಮಾಡಿದ ದಿನ ಬುವಾಸಿ ಆ ತಾಯಿಯ ಕಾಲು ಹಿಡಿದಳು. "ಸಂಜೇನೇ ಕೈ ಮುಟ್ಟಿ ನೋಡ್ಬೇಕಿತ್ತಮ್ಮಾ... ಹಣೆ ಒಂದೇ ನೋಡಿದೆ."

ತಾಯಿ ಅವಳ ತಲೆ ಸವರಿದಳು. "ನಾನಾದ್ರೂ ಏನು ಮಾಡ್ದೆ ಮಗಾ? ಅಕ್ಕನ್ನ ಕರೀರಿ, ಅಕ್ಕನ್ನ ಕರೀರಿ ಅಂತ ಬಡಬಡಿಸ್ತಾನೇ ಇದ್ಲು. ಸನ್ನಿ ಅಂದ್ಕೊಂಡೆ. ನೀನು ಬರೋಕೆ ಸ್ವಲ್ಪ ಮುಂಚೆ ಸುಮ್ನಾದ್ಲು... 'ಯಾರೂ ಹೋಗ್ಬೇಡಿ ಅಮ್ಮ, ನಾನೇ ಹೋಗಿ ಹೇಳ್ಬಂದೆ' ಅಂದ್ಲು."

ನಂಬಿ, ಬಿಡಿ. ಆ ತಾಯಿ ಹೀಗೆಂದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಆಲದ ಮರದ ವಿಷಯ ಅಲ್ಲಿಯವರೆಗೆ ಬುವಾಸಿ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.