ಒರೆಸಿದ ಗುಂಡು

ಕನಕಪುರದ ಬಸ್ಸಿನಲ್ಲಿ ಮುಂದಿನ ಸೀಟಿನ ಅಪ್ಪ ಮಗಳ ಮಾತು ಬೇಡವೆಂದರೂ ರೋಶನ್ ಬೀಯ ಕಿವಿಗೆ ಬೀಳುತ್ತಿತ್ತು. ಇಬ್ಬರೂ ಬೆಂಗಳೂರಿನಲ್ಲಿ ರೈಫಲ್ ಪಂದ್ಯ ಮುಗಿಸಿ ಬರುತ್ತಿದ್ದರು. ಮಗಳು ಸೋತಿದ್ದಳು.

“ಎಲ್ಡೇ ಪಾಯಿಂಟು ಕಣವ್ವಾ ರಮ್ಯಾ. ಆ ಗುಂಡಿನ ಡಬ್ಬಿ ಆರಿಸ್ಕಂಡಿದ್ದೇ ತಪ್ಪಾಯ್ತು.”

“ನಾಕು ಥರದ್ದು ಹೊಡ್ದು ನೋಡೇ ಆರ್ಸಿದ್ದು ಅಪ್ಪಾ. ಹೊಸಬ್ರಿಗೆ ಒಸಿ ನಿಧಾನಕ್ಕೆ ಹೋಗೋ ಗುಂಡೇ ಒಳ್ಳೇದು ಅಂತ ಕೋಚೂ ಅಂದಿದ್ರು. ನನ್ ರೈಫಲ್‌ಗೆ ಅದೇ ಒಗ್ಗಿತ್ತು.”

“ಏನ್ ಒಗ್ಗಿತ್ತೋ! ಬರೀ ಹಳೇ ಮಾಲು. ಮೊನ್ನೆ ಕ್ಲಬ್ಬಲ್ಲಿ ಆಯುಧಪೂಜೆಗೆ ತಟ್ಟೇಲಿ ಇಡಣ ಅಂತ ತಗುದ್ರೆ ಒಂದೊಂದೂ ಜಿಡ್ಡು. ನಾನು ಈ ಟವೆಲ್ಲಲ್ಲೇ ಒರ್ಸಿ ಕೊಟ್ಟಿದ್ಕೆ ಅಷ್ಟಾದ್ರೂ ಬಂತು.”

ಮಗಳು ಕಿಟಕಿಯಾಚೆ ನೋಡಿದಳು.



“ಅದು ಜಿಡ್ಡಲ್ಲ ಅಪ್ಪಾ, ಮೇಣ. ಗುಂಡು ನಳಿಕೇಲಿ ಸಲೀಸಾಗಿ ಹೋಗ್ಲಿ ಅಂತ ಫ್ಯಾಕ್ಟ್ರೀಲೇ ಹಚ್ಚಿರ್ತಾರೆ.”

ಬಸ್ಸು ಹಾರೋಹಳ್ಳಿ ದಾಟಿದ ಮೇಲೆ ಅಪ್ಪ ಮಗಳ ಕಡೆ ತಿರುಗಿದ.

“ಗೊತ್ತಿದ್ದೂ ಅವನ್ನೇ ಹೊಡುದ್ಯಾ? ಬ್ಯಾರೆ ಡಬ್ಬಿ ಇರ್ನಿಲ್ವಾ?”

“ಇತ್ತು. ಆದ್ರೆ ನೀನು ಅಷ್ಟ್ನೂ ಒರ್ಸಿ ದೇವ್ರ ಮುಂದೆ ಇಟ್ಟು ಕೈ ಮುಗ್ದಿದ್ದೆ. ಇವತ್ತು ನನ್ ಹಿಂದ್ಗಡೇನೇ ಕುಂತಿದ್ದೆ. ಬ್ಯಾರೇದು ತಗಂಡಿದ್ರೆ ನಿಂಗೆ ಕಾಣ್ತಿತ್ತು.”

ಕನಕಪುರ ಬಂತು. ಉಯ್ಯಂಬಳ್ಳಿಯ ಬಸ್ಸು ಹಿಡಿಯಲು ಇಬ್ಬರೂ ಎದ್ದರು. ಅವನ ಹೆಗಲ ಟವೆಲ್ಲಿನ ತುದಿಯಲ್ಲಿ ಕಪ್ಪು ಜಿಡ್ಡು ಇನ್ನೂ ಹೋಗಿರಲಿಲ್ಲ. ಅವನು ಅದನ್ನು ತೆಗೆದು, ಕಪ್ಪು ಒಳಗಾಗುವಂತೆ ಮಡಿಸಿ, ಕಂಕುಳಲ್ಲಿ ಇರುಕಿಕೊಂಡು ಮಗಳ ಹಿಂದೆ ಇಳಿದ.